ಪೆಟ್ಟು ತಿನ್ನುವ ಪಾತ್ರ

ನಾಟಕದಲ್ಲಿ ಪೆಟ್ಟು ತಿನ್ನುವ ಪಾತ್ರಕ್ಕೆ ಒಂದು ಮಗುವೂ ಒಪ್ಪದೇ ಹೋದದ್ದೇ ಆನಂದಕುಮಾರನ ಗ್ರಹಚಾರಕ್ಕೆ ಮೂಲ.

ಸಾಹಿತ್ಯ ಮತ್ತು ಕಲೆಯ ಮೂಲಕ ಮಕ್ಕಳಿಗೆ ಕಿರುಕುಳದ ಅರಿವು ಮೂಡಿಸಿ ಎಂದು ಇಲಾಖೆಯ ಸುತ್ತೋಲೆ ಬಂದಿತ್ತು. ಕಮಲಾಪುರದ ಆ ಪ್ರೌಢಶಾಲೆಯಲ್ಲಿ ಮೇಲಿನಿಂದ ಏನೇ ಬಂದರೂ ಕನ್ನಡ ಮಾಸ್ತರನ ತಲೆಯ ಮೇಲೇ ಇಳಿಯುತ್ತಿತ್ತು. ಪಾಪ, ಅವನು ಮೂರು ವಾರ ಕೂತು ನಾಟಕ ಬರೆದ. ಹೊಸದಾಗಿ ಬಂದ ಹುಡುಗನನ್ನು ನಾಲ್ವರು ಕಾಡುತ್ತಾರೆ, ಕೊನೆಗೆ ತಪ್ಪು ತಿಳಿದು ತಬ್ಬಿಕೊಳ್ಳುತ್ತಾರೆ. ಕಾಡುವ ನಾಲ್ಕು ಪಾತ್ರಗಳಿಗೆ ಅರವತ್ತು ಮಕ್ಕಳು ಕೈ ಎತ್ತಿದರು. ಹೊಸ ಹುಡುಗನಾಗಲು ಯಾರೂ ಎತ್ತಲಿಲ್ಲ.

“ನೀವ ಆಗ್ರಲ್ಲ,” ಎಂದರು ಹೆಡ್‌ಮಾಸ್ತರ ದೇವೀಂದ್ರಪ್ಪ. “ಮೇಕಪ್ ಸುದ್ದಾ ಬ್ಯಾಡ. ನಿಮ್ಮ ಮಾರಿ ಹುಟ್ಟಾ ಹಂಗೇ ಅದ.”

ಸ್ಟಾಫ್ ರೂಮು ಗೊಳ್ಳೆಂದು ನಕ್ಕಿತು. ಆನಂದಕುಮಾರನೂ ನಕ್ಕ, ಏಳು ವರ್ಷಗಳಿಂದ ಅವನಿಗೆ ಅದೇ ಅಭ್ಯಾಸ. ಅವನ ಊಟದ ಡಬ್ಬಿಯನ್ನು ದಿನವೂ ಮೊದಲು ತೆರೆಯುವವರು ಪಿ.ಟಿ. ಮಾಸ್ತರ ಮರೆಪ್ಪ. ಸಂತೆಯ ದಿನ ಹೆಡ್‌ಮಾಸ್ತರರ ಮನೆಗೆ ಕೆಂಪು ಬಾಳೆಹಣ್ಣು ಆರಿಸಿ ತರುವವನು ಅವನೇ. ಇದನ್ನೆಲ್ಲ ಸಹಿಸಿದ್ದು ಒಂದೇ ಆಸೆಯಿಂದ. ಅವನ ಮನೆ ಕಲಬುರಗಿಯ ಖೂಬಾ ಪ್ಲಾಟಿನಲ್ಲಿ. ಹತ್ತಿರದ ಕುಸನೂರಿನ ಶಾಲೆಯಲ್ಲಿ ಒಂದು ಜಾಗ ಖಾಲಿಯಿತ್ತು. ವರ್ಗಾವಣೆ ಅರ್ಜಿಗೆ ದೇವೀಂದ್ರಪ್ಪನವರ ಸಹಿಯೊಂದು ಬೇಕು, ಅದಕ್ಕೆ ನಾಟಕದ ದಿನವೇ ಕೊನೆಯ ದಿನ.

“ನಾಟಕ ಚಂದ ಆತಂದ್ರ ಸಂಜಿಗೆ ಸಹಿ ಹಾಕ್ತೀನಿ,” ಎಂದಿದ್ದರು ಅವರು.

ಹೀಗಾಗಿ ನಲವತ್ಮೂರು ವರ್ಷದ ಆನಂದಕುಮಾರ ನೀಲಿ ಚಡ್ಡಿ ತೊಟ್ಟು, ಬೆನ್ನಿಗೆ ಪಾಟಿಚೀಲ ಏರಿಸಿಕೊಂಡು, ಹರಕೆಯ ಕುರಿಯ ಹಾಗೆ ವೇದಿಕೆ ಹತ್ತಿದ. ಮುಂದಿನ ಸಾಲಿನಲ್ಲಿ ಕಲಬುರಗಿಯಿಂದ ಬಂದ ಅಧಿಕಾರಿ ಶೀಲಾ ಮೇಡಂ, ಅವರ ಹಿಂದೆ ಮುನ್ನೂರು ಮಕ್ಕಳು.

ಕಾಡುವವರ ನಾಯಕಿ ಎಂಟನೇ ಇಯತ್ತೆಯ ಮುಸ್ಕಾನ್. ಆನಂದಕುಮಾರ ಬರೆದುಕೊಟ್ಟ ಗ್ರಾಂಥಿಕ ಮಾತು ಅವಳಿಗೆ ಮೊದಲ ಸಾಲಿನಲ್ಲೇ ಮರೆತುಹೋಯಿತು. ಅವಳು ಪಿಳಿಪಿಳಿ ಕಣ್ಣು ಬಿಡುತ್ತ ನಿಂತಳು.

“ನಿನಗ ತಿಳಿದದ್ದು ಏನರ ಅನ್ನವ್ವ,” ಎಂದು ಅವನು ಗಾಬರಿಯಲ್ಲಿ ಪಿಸುಗುಟ್ಟಿದ.

ಮುಸ್ಕಾನ್ ಒಂದು ಗಳಿಗೆ ಯೋಚಿಸಿದಳು. ಆಮೇಲೆ ಅವನ ಚೀಲಕ್ಕೆ ಕೈಹಾಕಿದಳು. “ಏನ್ರೀ ಕವಿಗೋಳೇ, ಡಬ್ಬಿ ತಗೀರಿ. ಶೇಂಗಾ ಹಿಂಡಿ ಇಲ್ಲಂದ್ರ ಇವತ್ತ ನಿಮಗ ಊಟ ಇಲ್ಲ.”

ಮಕ್ಕಳು ಕುಣಿದಾಡಿದರು. ಮರೆಪ್ಪನವರ ನಗು ಅರ್ಧಕ್ಕೇ ನಿಂತಿತು. ಮುಸ್ಕಾನ್ ಈಗ ಇಲ್ಲದ ಕನ್ನಡಕವನ್ನು ಹಣೆಗೇರಿಸಿ, ಇಲ್ಲದ ಹೊಟ್ಟೆಯ ಮೇಲೆ ಕೈಯಿಟ್ಟಳು.

“ಹೋದ ಸಂತ್ಯಾಗ ಬಾಳಿಹಣ್ಣು ಸಣ್ಣವು ತಂದೀರಿ ಆನಂದಕುಮಾರ. ಹಣ್ಣ ಆರ್ಸಲಾಕ ಬರದವರು ಮಕ್ಕಳಿಗೆ ಏನ್ ಕಲಸ್ತೀರಿ?”

ಚಪ್ಪಾಳೆಗೆ ಮಂಟಪದ ತಗಡು ಅದುರಿತು. ದೇವೀಂದ್ರಪ್ಪನವರು ಹಣೆಯ ಮೇಲಿದ್ದ ತಮ್ಮ ಕನ್ನಡಕವನ್ನು ಮೆಲ್ಲಗೆ ಕೆಳಗಿಳಿಸಿದರು. ವೇದಿಕೆಯ ಮೇಲೆ ಆನಂದಕುಮಾರನಿಗೆ ಅಳು ಬಂತು. ಅದು ಅಭಿನಯವಾಗಿರಲಿಲ್ಲ.

“ಈ ಮಾತೆಲ್ಲ ಎಲ್ಲಿ ಕಲ್ತಿ?” ಎಂದು ಶೀಲಾ ಮೇಡಂ ಆಮೇಲೆ ಮುಸ್ಕಾನಳನ್ನು ಕೇಳಿದರು.

“ಸ್ಟಾಫ್ ರೂಮಿನ ಕಿಟಕಿ ಬಾಜೂಕ ಕುಂತು ಉಣ್ತೀವ್ರಿ ಮೇಡಂ. ದಿನಾ ಕೇಳಸ್ತದ.”

ಏಳು ವರ್ಷಗಳಲ್ಲಿ ಮೊದಲ ಸಲ ಯಾರೋ ತನ್ನ ಪರವಾಗಿ ಬಾಯಿಬಿಟ್ಟಿದ್ದರು. ಆನಂದಕುಮಾರನ ಎದೆ ತುಂಬಿ ಬಂತು. ಇನ್ನು ಸಹಿ ಬಿದ್ದಂತೆಯೇ ಎಂದುಕೊಂಡು ಅವನು ಚಡ್ಡಿಯಲ್ಲೇ ಹೆಡ್‌ಮಾಸ್ತರರ ಕೋಣೆಗೆ ಹೋದ.

ಅಲ್ಲಿ ಕೂತಿದ್ದ ಶೀಲಾ ಮೇಡಂ ಚೀಲದಿಂದ ಒಂದು ನಮೂನೆ ತೆಗೆದರು. “ಒಂದರ ಕಿರುಕುಳದ ಪ್ರಕರಣ ತುಂಬಬೇಕ್ರಿ. ಶೂನ್ಯ ಅಂತ ಬರದ್ರ ಕಾರ್ಯಕ್ರಮನೇ ಆಗಿಲ್ಲಂತ ಮ್ಯಾಲಿನವರು ತಿರುಗಿ ಕಳಸ್ತಾರ.”

“ಅದಕ್ಕೇನ್ರಿ ಮೇಡಂ, ಸ್ಟಾಫ್ ರೂಮಿಂದೇ...” ಎಂದು ಆನಂದಕುಮಾರ ಬಾಯಿ ತೆರೆದ.

“ಅದಕ್ಕ ಫೋಟೋ ಅದ ಏನು? ವಿಡಿಯೋ ಅದ ಏನು?” ಮೇಡಂ ನಮೂನೆಯ ಮೇಲೆ ಬೆರಳಿಟ್ಟು ಓದಿದರು. “‘ಒಬ್ಬರನ್ನು ಹಲವರ ಮುಂದೆ ಅಣಕಿಸಿ ಅವಮಾನಿಸುವುದು.’ ಇವತ್ತ ಹೆಡ್‌ಮಾಸ್ತರಿಗೆ ಹಂಗ ಆಗ್ಯದ. ಮುನ್ನೂರು ಮಂದಿ ಸಾಕ್ಷಿ ಅದಾರ. ವಿಡಿಯೋ ನಾನೇ ಮಾಡೀನಿ. ನಾಟಕ ಬರದವರು ಯಾರು?”

ಕೋಣೆಯಲ್ಲಿದ್ದವರೆಲ್ಲ ಆನಂದಕುಮಾರನ ಕಡೆ ತಿರುಗಿದರು. ದೇವೀಂದ್ರಪ್ಪನವರು ಕರವಸ್ತ್ರ ತೆಗೆದು, ಒಣಗಿದ್ದ ಕಣ್ಣನ್ನೇ ಒರೆಸಿಕೊಂಡರು.

“ಕನ್ನಡ ಮಾಸ್ತರರ ಅಕ್ಷರ ಚಂದ ಅವ್ರಿ,” ಎಂದರು ಮರೆಪ್ಪ. “ಅವರೇ ತುಂಬಲಿ.”

ನೊಂದವರ ಹೆಸರಿನ ಮುಂದೆ ಆನಂದಕುಮಾರ ದೇವೀಂದ್ರಪ್ಪ ಎಂದು ದುಂಡಗೆ ಬರೆದ. ಪೀಡಕನ ಹೆಸರಿನ ಮುಂದೆ ತನ್ನದನ್ನೂ ಅಷ್ಟೇ ದುಂಡಗೆ ಬರೆದ.

“ಮೇಡಂ, ನನ್ನ ವರ್ಗಾವಣೆ?”

“ನಿಯಮ ಕೆಳಗದ ನೋಡ್ರಿ,” ಎಂದರು ಅವರು. “ನೊಂದವರ ಮನಸ್ಸಿಗೆ ಸಮಾಧಾನ ಆಗೋತನಕ ಪೀಡಕರು ಅದೇ ಶಾಲಾದಾಗ ಇದ್ದು ಅವರ ಸೇವಾ ಮಾಡಬೇಕು. ಎಷ್ಟು ದಿನ ಬೇಕಾಗ್ತದ್ರಿ ಹೆಡ್‌ಮಾಸ್ತರೇ?”

ದೇವೀಂದ್ರಪ್ಪನವರು ಬಲು ನೋವಿನಿಂದ ನಿಟ್ಟುಸಿರು ಬಿಟ್ಟರು. “ಲಗೂ ಆಗಂಗಿಲ್ರಿ ಮೇಡಂ, ಮನಸ್ಸಿಗೆ ಭಾಳ ಹಚ್ಕೊಂಡೀನಿ. ನಾ ರಿಟೈರ್ ಆಗೋತನಕ ಅಂತ ಬರ್ಕೋರಿ.”