ಸಾಹೇಬರ ಲೇಖನಗಳೂ ಬೈರಕೂರಿನ ಮೀನುಗಳೂ

ನೀರಿಲ್ಲದ ಜಿಲ್ಲೆಯಲ್ಲಿ ಮೀನಿನ ಸಂಶೋಧನಾ ಕೇಂದ್ರ ತೆರೆದರೆ ಏನೇನು ಆಗಬೇಕೋ ಅದೆಲ್ಲಾ ತಾನಾಗಿಯೇ ಆಗುತ್ತಿರುತ್ತದೆ, ಯಾರೂ ಕಷ್ಟಪಡಬೇಕಾಗಿಲ್ಲ. ಕೋಲಾರದ ಹೊರಗೆ ಅಂಥದೊಂದು ಕೇಂದ್ರದಲ್ಲಿ ನಾನು ಸಹಾಯಕನಾಗಿದ್ದೆ. ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದ್ದೆನಾದ್ದರಿಂದ ನನಗೆ ಟೈಪು ಹೊಡೆಯುವ ಕೆಲಸ ಕೊಟ್ಟಿದ್ದರು.

ಎಂಬತ್ತರ ದಶಕದ ಶುರುವಿನಲ್ಲಿ ಬೆಂಗಳೂರಿನ ಮೇಲಿನ ಕಚೇರಿಯಿಂದ ಒಂದು ಸುತ್ತೋಲೆ ಬಂತು. ಯಾರು ಎಷ್ಟು ಲೇಖನ ಪ್ರಕಟಿಸಿದ್ದಾರೆ, ಬೇರೆ ವಿಜ್ಞಾನಿಗಳು ಅವನ್ನು ಎಷ್ಟು ಸಲ ಉಲ್ಲೇಖಿಸಿದ್ದಾರೆ, ರೈತರ ಮೇಲೆ ಅವುಗಳ ಪ್ರಭಾವ ಏನು, ಇಷ್ಟನ್ನೂ ಅಳೆದು ಅಂಕ ಕೊಡುತ್ತಾರಂತೆ. ಅಂಕ ಬಂದವರಿಗೆ ಬಡ್ತಿ, ಜತೆಗೆ ಬೆಂಗಳೂರಿಗೆ ವರ್ಗ.

ನಮ್ಮ ಮುಖ್ಯಸ್ಥರಾದ ಸಾಹೇಬರಿಗೆ ಬೆಂಗಳೂರಿಗೆ ಹೋಗಬೇಕೆಂದು ಬಹಳ ಆಸೆ. ಅವರು ಹೋಗಬೇಕೆಂದು ಅವರಿಗಿಂತ ನನಗೆ ಹೆಚ್ಚು ಆಸೆ. ಅವರ ಪ್ರತಿ ಲೇಖನವನ್ನೂ ಕಾರ್ಬನ್ ಇಟ್ಟು ಐದು ಪ್ರತಿ ಹೊಡೆಯಬೇಕು, ಅದೂ ಭಾನುವಾರವೇ. ನಾಲ್ಕು ವರ್ಷದಿಂದ ನನ್ನ ವಾರಕ್ಕೆ ಆರೇ ದಿನ. ಹಾಗಾಗಿ ಅವರ ಅಂಕಕ್ಕಾಗಿ ನಾನೂ ಸೊಂಟ ಕಟ್ಟಿ ನಿಂತೆ.

೧. ಒಂದು ಮೀನು, ಏಳು ತುಂಡು

ಮಾಲೂರಿನ ಕೆರೆಯಲ್ಲಿ ಒಂದು ದಪ್ಪನೆಯ ಕಾಟ್ಲಾ ಮೀನು ಸಿಕ್ಕಿತು. ಬೇರೆಯವರಾಗಿದ್ದರೆ ಒಂದು ಲೇಖನ ಬರೆದು ಸುಮ್ಮನಾಗುತ್ತಿದ್ದರು. ಸಾಹೇಬರು ತಲೆಯ ಮೇಲೊಂದು, ಬಾಲದ ಮೇಲೊಂದು, ಉದ್ದಕ್ಕೆ, ತೂಕಕ್ಕೆ, ಹೊಟ್ಟೆಯಲ್ಲಿದ್ದದ್ದಕ್ಕೆ ಒಂದೊಂದು, ಹೀಗೆ ಏಳು ಲೇಖನ ಬರೆದರು. ಮೀನು ಹಿಡಿದ ಬಲೆಯವನು ಮುಳಬಾಗಿಲಿನ ಆಚೆಯವನು, ಅರ್ಧ ತೆಲುಗು, ಅರ್ಧ ಕನ್ನಡ ಮಾತು. ನಾನು ಟೈಪು ಹೊಡೆಯೋದನ್ನು ನೋಡುತ್ತಾ ನಿಂತಿದ್ದವನು, "ಒಕ ಚೇಪಕಿ ಏಡು ಮುಕ್ಕಲಾ ಸಾಮೀ! ನಮ್ಮನೇಲಿ ಎಂಟು ಜನ ಇದ್ರೂ ಐದೇ ತುಂಡು ಮಾಡೋದು" ಅಂದ.

ಏಳೂ ಸಾಲದಾಯಿತು. ಅದೇ ಲೇಖನಗಳಲ್ಲಿ ಮಾಲೂರು ಅಂತ ಇದ್ದ ಕಡೆಯೆಲ್ಲಾ ಶ್ರೀನಿವಾಸಪುರ ಅಂತ ಮಾಡಿ ಮತ್ತೆ ಹೊಡೆಯಲು ಹೇಳಿದರು.

"ಸಾರ್, ಶ್ರೀನಿವಾಸಪುರದ ಆ ಕೆರೆಯಲ್ಲಿ ಈ ವರ್ಷ ನೀರೇ ಇಲ್ಲ. ಹುಡುಗರು ಕ್ರಿಕೆಟ್ ಆಡ್ತಾ ಇದ್ದಾರೆ."

ಸಾಹೇಬರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನಾನು ಬರೆದಿರೋದು ಮೀನಿನ ಬಗ್ಗೆ ಕಣ್ರೀ. ನೀರಿನ ಬಗ್ಗೆ ಒಂದು ಮಾತಾದ್ರೂ ಎತ್ತಿದ್ದೀನಾ?"

೨. ಮುಯ್ಯಾಳು

ಲೇಖನಗಳ ಎಣಿಕೆ ಮುಗಿಯಿತು, ಉಲ್ಲೇಖಗಳು ಬೇಕು. ನಮ್ಮ ಹುತ್ತೂರು ಕಡೆ ರಾಗಿ ಹೊಲದ ಕಳೆ ತೆಗೆಯೋಕೆ ಮುಯ್ಯಾಳು ಅನ್ನೋ ಪದ್ಧತಿ ಇದೆ. ಇವತ್ತು ನಾವು ನಿಮ್ಮ ಹೊಲಕ್ಕೆ ಬರ್ತೀವಿ, ನಾಳೆ ನೀವು ನಮ್ಮ ಹೊಲಕ್ಕೆ ಬನ್ನಿ. ಸಾಹೇಬರು ಪಕ್ಕದ ಜಿಲ್ಲೆಯ ಇನ್ನೊಬ್ಬ ವಿಜ್ಞಾನಿಯ ಜತೆ ಇದೇ ಏರ್ಪಾಡು ಮಾಡಿಕೊಂಡರು. ನಿಮ್ಮ ಲೇಖನದಲ್ಲಿ ನನ್ನ ಹೆಸರು, ನನ್ನ ಲೇಖನದಲ್ಲಿ ನಿಮ್ಮ ಹೆಸರು. ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ ಅನ್ನೋದು ಬೇರೆ ವಿಷಯ. ಕಳೆ ಕೀಳೋಕೆ ಪ್ರೀತಿ ಯಾಕೆ?

ಒಂದು ಸಲ ಆ ಪುಣ್ಯಾತ್ಮ ತನ್ನ ಸರದಿ ತಪ್ಪಿಸಿದ. ಸಾಹೇಬರು ಖಾರವಾಗಿ ಕಾಗದ ಬರೆಸಿದರು. ಅವನಿಗೂ ರೇಗಿತು. ಮುಂದಿನ ಲೇಖನದಲ್ಲಿ, "ಈ ವಿಷಯದಲ್ಲಿ ಕೋಲಾರದ ವಿಜ್ಞಾನಿ ಇಂಥವರು ಹೇಳಿರುವುದು ಮೊದಲಿಂದ ಕೊನೆಯವರೆಗೂ ತಪ್ಪು" ಎಂದು ಅಚ್ಚು ಹಾಕಿಸಿ ಒಂದು ಪ್ರತಿಯನ್ನು ರಿಜಿಸ್ಟರ್ಡ್ ಅಂಚೆಯಲ್ಲೇ ಕಳಿಸಿದ.

ನಾನು ಅದನ್ನು ಒಳಗೆ ತಗೊಂಡು ಹೋದೆ. ಸಾಹೇಬರು ಓದಿದರು, ಮತ್ತೊಂದು ಸಲ ಓದಿದರು, ಮುಖ ಅರಳಿತು.

"ಹೆಸರು ಪೂರ್ತಿ ಹಾಕಿದ್ದಾನೆ ಕಣ್ರೀ! ಬೈದ್ರೂ ಉಲ್ಲೇಖ ಉಲ್ಲೇಖವೇ. ಇನ್ನೂ ಎರಡು ಕಡೆ ಬೈಯೋಕಾಗುತ್ತಾ ಅಂತ ಕೇಳಿ ಒಂದು ಕಾಗದ ಹೊಡೀರಿ."

೩. ವಿದೇಶದ ಕಾರ್ಡು

ಆಗೆಲ್ಲಾ ಹೊರದೇಶದ ವಿಜ್ಞಾನಿಗಳು ಯಾವುದಾದರೂ ಲೇಖನ ಬೇಕಾದರೆ ಬರೆದವರಿಗೆ ಒಂದು ಕಾರ್ಡು ಹಾಕೋರು. ಸಾಹೇಬರಿಗೂ ಒಂದು ಬಂತು. ಅದಕ್ಕೆ ಗಾಜು ಹಾಕಿಸಿ, ಚೌಕಟ್ಟು ಕಟ್ಟಿಸಿ, ಕುರ್ಚಿಯ ಹಿಂದೆ ಗೋಡೆಗೆ ತೂಗುಹಾಕಿದರು. ಬಂದವರಿಗೆಲ್ಲಾ ಸ್ಟಾಂಪು ತೋರಿಸಿದ್ದೇ ತೋರಿಸಿದ್ದು. ಸಾಹೇಬರ ಹೆಸರೂ ವಿಳಾಸವೂ ಕಾಣುತ್ತಿದ್ದವು. ಆದರೆ ಕಾರ್ಡು ಬಂದ ದಿನ ಅದನ್ನು ತಿರುವಿ ನೋಡಿದ್ದವನು ನಾನು. ಕೇಳಿದ್ದದ್ದು ಬಾತುಕೋಳಿಯ ರೋಗದ ಲೇಖನ. ಬರೆದವರು ಸಾಹೇಬರ ಹೆಸರಿನವರೇ ಆದ ಇನ್ಯಾರೋ.

ಒಂದು ದಿನ ತಡೆಯಲಾರದೆ ಮೆಲ್ಲಗೆ ಹೇಳಿದೆ, "ಸಾರ್, ಆ ಕಾರ್ಡಿನ ಹಿಂದೆ..."

"ಗೊತ್ತು. ಚೌಕಟ್ಟು ಹಾಕಿಸಿದ್ದು ಮತ್ಯಾಕೆ ಅಂದ್ಕೊಂಡ್ರಿ?"

೪. ಪ್ರಭಾವ

ಕೊನೆಗೆ ಉಳಿದದ್ದು ಪ್ರಭಾವ. ಅದನ್ನು ಅಳೆಯೋಕೆ ಬೆಂಗಳೂರಿಂದ ಒಬ್ಬ ಅಧಿಕಾರಿ ಜೀಪಿನಲ್ಲಿ ಬಂದಿಳಿದರು. ಸಾಹೇಬರು ರೈತರಿಗಾಗಿ ಬರೆದ ಒಂದು ಕಿರುಪುಸ್ತಕವೂ ಇತ್ತು, ಊರೂರಿಗೆ ಹಂಚಿದ್ದೆವು. ಯಾರಾದರೂ ಓದಿದ್ದಾರೆ ಅಂತ ನನಗಂತೂ ನಂಬಿಕೆ ಇರಲಿಲ್ಲ. ಬೈರಕೂರಿನ ಕಡೆ ಕೆರೆಯಲ್ಲಿ ಮೀನು ಸಾಕುತ್ತಿದ್ದ ಒಬ್ಬ ಹಿರಿಯರ ಮನೆಗೆ ಮೂವರೂ ಹೋದೆವು. ಇಲ್ಲಿ ಸೊನ್ನೆ ಬಂದರೆ ನನ್ನ ಭಾನುವಾರಗಳು ಗೋವಿಂದ.

ಅಧಿಕಾರಿ ಫಾರಂ ತೆಗೆದು ಶುರು ಮಾಡಿದರು. "ಯಜಮಾನ್ರೇ, ಈ ಪುಸ್ತಕ ಓದಿದ್ದೀರಾ?"

"ಓದದೇ ಕೆರೆಗೆ ಕಾಲೇ ಇಡಲ್ಲ ಸಾಮಿ." ಮುದುಕರು ಒಳಗೆ ಹೋಗಿ ದೇವರ ಗೂಡಿನಿಂದ ಪುಸ್ತಕ ತಂದರು. ಮೇಲೆ ಅರಿಶಿನ ಕುಂಕುಮ. ಸಾಹೇಬರ ಕಣ್ಣಲ್ಲಿ ನೀರು.

"ಇದರಿಂದ ಇಳುವರಿ ಹೆಚ್ಚಾಯ್ತಾ?"

"ಎರಡರಷ್ಟು!"

ಅಧಿಕಾರಿ ಎಲ್ಲಾ ಕಡೆ ಟಿಕ್ ಹಾಕಿದರು. ಏನೋ ಕುತೂಹಲ ಹುಟ್ಟಿ, "ಅದು ಹೇಗೆ, ಸ್ವಲ್ಪ ಹೇಳಿ" ಅಂದರು.

"ನೋಡಿ ಸಾಮಿ, ಮೊದಲನೇ ವರ್ಷ ಪುಸ್ತಕದಲ್ಲಿ ಇರೋ ಹಾಗೇ ಆಷಾಢದಲ್ಲಿ ಮರಿ ಬಿಟ್ವಿ. ನಮ್ಮ ಕೆರೆಗೆ ನೀರು ಬರೋದು ದಸರಾ ಆದ್ಮೇಲೆ. ಕೊಕ್ಕರೆಗಳಿಗೆ ಹಬ್ಬ ಆಯ್ತು. ಆಗ ನಮಗೆ ಬುದ್ಧಿ ಬಂತು. ಅವತ್ತಿಂದ ಏನು ಮಾಡಬೇಕಾದ್ರೂ ಮೊದಲು ಸಾಹೇಬ್ರ ಪುಸ್ತಕ ನೋಡ್ತೀವಿ, ಅದಕ್ಕೆ ಉಲ್ಟಾ ಮಾಡ್ತೀವಿ. ಪಂಚಾಂಗನಾದ್ರೂ ಒಂದೊಂದ್ಸಲ ತಪ್ಪುತ್ತೆ, ಇದು ಇವತ್ತಿನವರೆಗೂ ತಪ್ಪಿಲ್ಲ."

ಜೀಪಿನ ಹತ್ತಿರ ಬಂದೆವು. ಅಧಿಕಾರಿ ಫಾರಮ್ಮನ್ನು ಹಿಂದೆ ಮುಂದೆ ತಿರುವಿ ನೋಡಿದರು. ಓದಿದರೇ? ಹೌದು. ಬಳಸಿದರೇ? ಹೌದು. ಇಳುವರಿ ಹೆಚ್ಚಿತೇ? ಹೌದು. ಹೇಗೆ ಅನ್ನೋದಕ್ಕೆ ಅದರಲ್ಲಿ ಜಾಗವೇ ಇರಲಿಲ್ಲ. ನಿಟ್ಟುಸಿರು ಬಿಟ್ಟು, ಪೂರ್ತಿ ಅಂಕ ಹಾಕಿ ರುಜು ಮಾಡಿದರು.

ಸಾಹೇಬರಿಗೆ ಬಡ್ತಿ ಬಂತು. ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಅವರಿಗೆ ಹಾರ ಹಾಕಿ ಬಸ್ ಹತ್ತಿಸಿದೆ. ಮನೆಗೆ ಬಂದು, ಹಬ್ಬವಿಲ್ಲದ ಬರೀ ಸೋಮವಾರವಾದರೂ ಹೋಳಿಗೆ ಮಾಡಿಸಿದೆ.

ಎರಡು ವರ್ಷ ಕಳೆದ ಮೇಲೆ ಬೈರಕೂರಿನ ಆ ಮುದುಕರು ಊರವರ ರುಜು, ಹೆಬ್ಬೆಟ್ಟು ಎಲ್ಲಾ ಹಾಕಿಸಿದ ಒಂದು ಅರ್ಜಿ ಹಿಡಿದು ಕೇಂದ್ರಕ್ಕೆ ಬಂದರು.

"ಏನಾಯ್ತು ಯಜಮಾನ್ರೇ? ಹೊಸ ಸಾಹೇಬ್ರು ಸರಿ ಇಲ್ವಾ?"

"ಅವರದ್ದೇ ತೊಂದರೆ ಕಣಪ್ಪಾ. ಒಂದು ಸರಿ ಬರೀತಾರೆ, ಒಂದು ತಪ್ಪು ಬರೀತಾರೆ. ಯಾವುದನ್ನು ಉಲ್ಟಾ ಮಾಡೋದು? ನಮ್ಮ ಹಳೇ ಸಾಹೇಬ್ರನ್ನೇ ವಾಪಸ್ ಕಳಿಸಿ ಅಂತ ಬರೆದಿದ್ದೀವಿ. ಮೇಲಕ್ಕೆ ನೀನೇ ತಲುಪಿಸಬೇಕು."

"ಖಂಡಿತ ತಲುಪಿಸ್ತೀನಿ" ಅಂತ ಎರಡೂ ಕೈಯಲ್ಲಿ ಇಸ್ಕೊಂಡೆ.

ನಾನು ನಿವೃತ್ತನಾಗಿಯೇ ಎಷ್ಟೋ ವರ್ಷ ಆಯಿತು. ಅರ್ಜಿ ಭದ್ರವಾಗಿ ನನ್ನ ಟ್ರಂಕಿನಲ್ಲಿದೆ.