ನಾಲ್ಕು, ಏಳು, ಎಂಟು

ಕೊಟ್ಟಿದ್ದನ್ನು ಕೊಟ್ಟ ಹಾಗೆ ಬರೆಯುವುದು, ಇಷ್ಟೇ ನನ್ನ ಕೆಲಸ. ನನ್ನಿಂದ ಅದಾಗಲಿಲ್ಲ.

ಹಳ್ಳಿಮೈಸೂರಿನಲ್ಲಿ ನಾನು ಅಂಗಡಿಗಳಿಗೆ ಬೋರ್ಡು ಬರೆಯುವವನು. ಓದಿದ್ದು ಏಳನೇ ಕ್ಲಾಸು. ಅಕ್ಷರ ಮಾತ್ರ ಮುತ್ತು. ತಂಗಿ ಸವಿತಾ ಹೊಳೆನರಸೀಪುರದಲ್ಲಿ ಬಿ.ಎಸ್ಸಿ. ಓದುತ್ತಾಳೆ. ಹಾಸನದ ಗಣಿತ ಸ್ಪರ್ಧೆಗೆ ಬೋರ್ಡು ಬರೆದುಕೊಡಣ್ಣ ಎಂದು ಒಂದು ಚೀಟಿ ಕೊಟ್ಟಳು. ಗೆದ್ದರೆ ಮೈಸೂರಿನಲ್ಲಿ ಒಂದು ತಿಂಗಳ ಶಿಬಿರ. ಎರಡು ವರ್ಷದಿಂದ ಅವಳಿಗೆ ಅದೊಂದೇ ಜಪ.

ಚೀಟಿಯಲ್ಲಿದ್ದದ್ದು: 3, 5, 6, 9, 10, 12, 15...

ಎಣಿಸಲೂ ಪುರುಸೊತ್ತಿಲ್ಲವೇ ಈ ಹುಡುಗಿಗೆ! ನಾಲ್ಕಿಲ್ಲ, ಏಳಿಲ್ಲ, ಎಂಟಿಲ್ಲ. ತಂಗಿಯ ಮರ್ಯಾದೆ ಕಾಪಾಡುವುದು ಅಣ್ಣನಾದವನ ಆದ್ಯ ಕರ್ತವ್ಯವೆಂದು ತೀರ್ಮಾನಿಸಿ, ಬಿಟ್ಟುಹೋದದ್ದನ್ನೆಲ್ಲ ಸೇರಿಸಿದೆ. ಎದ್ದು ಕಾಣಲೆಂದು ಕೆಂಪು ಬಣ್ಣದಲ್ಲಿ!

ಸ್ಪರ್ಧೆಯ ದಿನ ಸವಿತಾ ಬೆಳಗಿನ ಬಸ್ಸಿಗೇ ಹೋಗಿದ್ದಳು. ಬಣ್ಣ ಒಣಗಿದ ಮೇಲೆ ನಾನು ಬೋರ್ಡನ್ನು ಪೇಪರಿನಲ್ಲಿ ಸುತ್ತಿ ಹಾಸನಕ್ಕೆ ಒಯ್ದು, ಅಲ್ಲಿ ಅವಳಿಗೆ ಕೊಟ್ಟಿದ್ದ ಮೇಜಿನ ಮೇಲೆ ನಿಲ್ಲಿಸಿ, ಶಾಲು ಹೊದಿಸುವಷ್ಟು ಗಾಂಭೀರ್ಯದಿಂದ ಪೇಪರು ಬಿಚ್ಚಿದೆ. ಅವಳ ಮುಖ ಬಿಳಿಚಿಕೊಂಡಿತು. ಅಷ್ಟರಲ್ಲಿ ತೀರ್ಪುಗಾರರು ಬಂದೇಬಿಟ್ಟರು.

"ನಾಲ್ಕು ಇಲ್ಲಿಗೆ ಹೇಗೆ ಬಂತಮ್ಮ? ಏಳು? ಎಂಟು?"

ಅವಳು ನನ್ನ ಕಡೆ ನೋಡಿದಳು.

"ಅವ್ಳು ಕೊಟ್ಟಂಗೇ ಬರ್ದಿವ್ನಿ ಸಾ" ಎಂದುಬಿಟ್ಟೆ. ಚೀಟಿ ನನ್ನ ಜೇಬಿನಲ್ಲೇ ಇತ್ತು.

"ನಂದೇ ತಪ್ಪು ಸರ್" ಎಂದಳು ಸವಿತಾ.

ವಾಪಸು ಬರುವಾಗ ಬಸ್ಸಿನಲ್ಲಿ, ಟಿಕೆಟ್ಟಿನ ಹಿಂದೆ ಬರೆದು ಅವಳೇ ವಿವರಿಸಿದಳು. ಯಾವ ಸಂಖ್ಯೆಯನ್ನಾದರೂ ಬರೀ ಒಂದು, ಸೊನ್ನೆಗಳಲ್ಲೇ ಬರೆಯಬಹುದಂತೆ. ಮೂರೆಂದರೆ 11, ಐದೆಂದರೆ 101. ಹಾಗೆ ಬರೆದಾಗ ಒಂದು ಎನ್ನುವುದು ಎರಡು ಸಲವೋ ನಾಲ್ಕು ಸಲವೋ ಬಂದರೆ, ಅಂದರೆ ಜೋಡಿ ಜೋಡಿಯಾಗಿ ಬಂದರೆ, ಪಟ್ಟಿಯಲ್ಲಿ ಜಾಗ. ನಾಲ್ಕು ಅಂದರೆ 100. ಒಂದು ಬರುವುದು ಒಮ್ಮೆ ಮಾತ್ರ. ಅದಕ್ಕೇ ಹೊರಗೆ. ನನ್ನ ಕೃಪೆಯಿಂದ ಒಳಗೆ!

ಶಿಬಿರಕ್ಕೆ ಬೇರೆಯವರು ಹೋದರು. ಅವಳು ಮನೆಯಲ್ಲಿ ಯಾರಿಗೂ ನಡೆದದ್ದನ್ನು ಹೇಳಲಿಲ್ಲ. ನನ್ನ ತಟ್ಟೆಗೆ ಬಿಸಿ ಮುದ್ದೆ ಹಾಕುವುದನ್ನೂ ಬಿಡಲಿಲ್ಲ. ಬೈದಿದ್ದರೆ ಉಂಡು ಮಲಗುತ್ತಿದ್ದೆ. ಊರವರ ಕಾಗುಣಿತವನ್ನೆಲ್ಲ ತಿದ್ದುವ ಈ ಮಹಾನುಭಾವನಿಗೆ ಒಂದು ಮಾತು ಹೊರಡಿಸಲು ಹನ್ನೊಂದು ದಿನ ಬೇಕಾಯಿತು.

ಅವಳು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಹೋಗಿ ನಿಂತೆ.

"ನಿನ್ ಲೆಕ್ಕ ಸರಿಯಾಗೇ ಇತ್ತು ಸವಿತಾ. ಕೆಡಿಸ್ದೋನು ನಾನು. ಎಲ್ರ ಮುಂದೆ ಸುಳ್ಳೇಳ್ದೋನೂ ನಾನೇ. ತಪ್ಪಾಯ್ತು ಕಣವ್ವ."