ಮೊದಲ ದರ್ಜೆಯ ಮದುವೆ

ಬೆಲಾರ್ಮಿನೋ ಕಿರೋಸ್‌ಗೆ ತನ್ನ ಊರಿನ ಫುಟ್‌ಬಾಲ್ ತಂಡದ ಮೇಲೆ ಇದ್ದ ದೂರು ಒಂದೇ. ಅದು ಹೇಳದೆ ಕೇಳದೆ ಗೆದ್ದುಬಿಟ್ಟಿತು.

ಬೆಲಾರ್ಮಿನೋಗೆ ಆಗ ಐವತ್ತೊಂದು ವರ್ಷ. ಕಾಸ್ತ್ರೋಮಾರ್ ಬಂದರಿನ ಬೀದಿಯಲ್ಲಿ ಬೀಗದ ಅಂಗಡಿ. ಊರಿನವರಿಗೆಲ್ಲ ಬೀಗ ಒದಗಿಸುತ್ತಿದ್ದ ಈ ಮಹಾನುಭಾವನಿಗೆ ಬೀಗರು ಮಾತ್ರ ಬೇಡವಾಗಿದ್ದರು. ಮೂರನೇ ಮಹಡಿಯ ಮನೆಯಲ್ಲಿ ಎಂಬತ್ತಮೂರರ ತಾಯಿ ಒಬ್ದುಲಿಯಾ ಬೇಯಿಸಿ ಹಾಕಿದ್ದನ್ನು ತಿಂದುಕೊಂಡು ಸುಖವಾಗಿದ್ದ. ಎರಡು ಬೀದಿಯಾಚೆ ಗುಂಡಿ, ದಾರ, ಲೇಸು ಮಾರುತ್ತಿದ್ದ ಎತೆಲ್ವಿನಾಳ ಜೊತೆ ಅವನಿಗೆ ಮದುವೆ ನಿಶ್ಚಯವಾಗಿ ಹದಿನಾರು ವರ್ಷವಾಗಿತ್ತು. (ಅಷ್ಟರಲ್ಲಿ ಊರಿನ ಚರ್ಚಿಗೆ ಮೂವರು ಪಾದ್ರಿಗಳು ಬಂದು ಹೋದರು. ಮೂವರೂ ಈ ಜೋಡಿಯ ತಾರೀಖು ಕೇಳಿ ಕೇಳಿ ಸುಸ್ತಾಗಿ ವರ್ಗ ಮಾಡಿಸಿಕೊಂಡರೆಂದು ಒಬ್ದುಲಿಯಾ ಹೇಳುವುದುಂಟು.) ಚೆಂಡಿಗೆ ಕೈ ತಾಗಿದರೆ ತಪ್ಪು ಎನ್ನುವ ಆಟವನ್ನೇ ಜೀವಮಾನವಿಡೀ ನೋಡಿದವನಿಗೆ ಕೈಹಿಡಿಯುವುದೆಂದರೆ ಅಳುಕು ಇರುವುದು ಸಹಜ.

ಹದಿನಾರು ವರ್ಷದ ಹಿಂದೆ, ತಂಡ ಮೂರನೇ ದರ್ಜೆಯಲ್ಲಿ ಹೊರಳಾಡುತ್ತಿದ್ದ ಕಾಲದಲ್ಲಿ, ಮದುವೆ ಯಾವಾಗ ಎಂದು ಎತೆಲ್ವಿನಾ ಕೇಳಿದ್ದಳು. "ನಮ್ಮ ತಂಡ ಮೊದಲ ದರ್ಜೆಗೆ ಹೋಗಲಿ, ಅವತ್ತೇ" ಎಂದಿದ್ದ ಅವನು. ದೆವ್ವಕ್ಕೆ ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದು ನಿಶ್ಚಿಂತೆಯಿಂದ ಮಲಗುವವರ ಹಾಗೆ ಅವನೂ ಮಲಗಿದ್ದ. ಎತೆಲ್ವಿನಾ ಆಮೇಲೆ ಮತ್ತೆ ಕೇಳಲಿಲ್ಲ. ಗುಂಡಿ ಮಾರುವವರಿಗೆ ತಾಳ್ಮೆ ಜಾಸ್ತಿ.

ಕೊನೆಗೂ ಒಂದು ಜೂನ್ ತಿಂಗಳಲ್ಲಿ ಕಾಸ್ತ್ರೋಮಾರ್ ತಂಡ ಮೊದಲ ದರ್ಜೆಗೆ ಏರಿತು. ಊರಿಗೆ ಊರೇ ಚೌಕದ ಕಾರಂಜಿಗೆ ಧುಮುಕಿತು. ಬೆಲಾರ್ಮಿನೋ ಕೂಡ ಧುಮುಕಿ, ಸಂತೋಷಕ್ಕೆ ಅತ್ತು, ತೊಟ್ಟಿಕ್ಕುತ್ತ ಎದ್ದು ಬಂದಾಗ ಎದುರಿಗೆ ಎತೆಲ್ವಿನಾ ಟವೆಲ್ ಹಿಡಿದು ನಿಂತಿದ್ದಳು.

"ತಲೆ ಒರೆಸ್ಕೋ. ಸೆಪ್ಟೆಂಬರಲ್ಲಿ ಎರಡು ಶನಿವಾರ ಚರ್ಚು ಖಾಲಿ ಇದೆಯಂತೆ."

ಅವನು ತಲೆ ಒರೆಸಿಕೊಳ್ಳುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ. ನಂತರ ನಿಕಾನೋರ್‌ನ ಬಾರಿನಲ್ಲಿ, ಹತ್ತು ಜನರ ಎದುರಿಗೆ, ಗಂಟಲು ಸರಿಪಡಿಸಿಕೊಂಡು ಹೇಳಿದ: "ನೋಡು ಎತೆಲ್ವಿನಾ, ಏರೋದು ದೊಡ್ಡದಲ್ಲ, ನಿಲ್ಲೋದು ದೊಡ್ಡದು. ಈ ಒಂದು ಸೀಸನ್ ಮುಗೀಲಿ. ಮೇನಲ್ಲಿ ನಾವು ಕೆಳಗೆ ಬೀಳದೆ ಉಳಿದ್ರೆ, ಜೂನ್‌ನಲ್ಲಿ ಮದುವೆ."

"ಇಪ್ಪತ್ತು ತಂಡದಲ್ಲಿ ಕೊನೇ ಮೂರರೊಳಗೆ ಬರಬಾರದು, ಅಷ್ಟೇ ತಾನೆ?"

"ಅಷ್ಟೇ."

"ಎಷ್ಟು ಆಟ?"

"ಮೂವತ್ತೆಂಟು."

"ಆಗ್ಲಿ" ಎಂದಳು ಎತೆಲ್ವಿನಾ. ಅದುವರೆಗೆ ಅವಳು ಒಂದು ಆಟವನ್ನೂ ಪೂರ್ತಿ ನೋಡಿದವಳಲ್ಲ. ಮರುದಿನ ಬೆಳಿಗ್ಗೆ ಕ್ಲಬ್ಬಿನ ಕಚೇರಿಯ ಮುಂದೆ ನಾಲ್ಕನೆಯವಳಾಗಿ ಕ್ಯೂ ನಿಂತು ವರ್ಷದ ಟಿಕೆಟ್ ತೆಗೆದುಕೊಂಡಳು. ಅವಳ ಹಿಂದೆ ನಿಂತವರಲ್ಲಿ ಎರಡು ಸಾವಿರ ಜನ ಕಾಯುವ ಪಟ್ಟಿಗೆ ಹೋದರು. ಬೆಲಾರ್ಮಿನೋ ಕೂರುತ್ತಿದ್ದದ್ದು ಒಂಬತ್ತನೇ ಸಾಲಿನಲ್ಲಿ, ತೀರಿಹೋದ ಅಪ್ಪನಿಂದ ಬಂದ ಸೀಟಿನಲ್ಲಿ. ಎತೆಲ್ವಿನಾ ಆರಿಸಿಕೊಂಡದ್ದು ಹತ್ತನೇ ಸಾಲು, ಸರಿಯಾಗಿ ಅವನ ಬೆನ್ನ ಹಿಂದೆ.

ಆಗಸ್ಟಿನಲ್ಲಿ ಸೀಸನ್ ಶುರುವಾಯಿತು. ಮೊದಲ ಆಟ ಪರಊರಿನಲ್ಲಿ, ಸೊನ್ನೆಗೆ ಐದು. ಎರಡನೆಯದು ಸ್ವಂತ ಊರಿನಲ್ಲಿ, ಸೊನ್ನೆಗೆ ಮೂರು. ಊರಿನವರ ಮುಖ ಬಾಡಿತು. ಬೆಲಾರ್ಮಿನೋನ ಮುಖವೂ ಬಾಡಿತು. ಆದರೆ ಎದೆಯೊಳಗೆ ಎಲ್ಲೋ ಒಂದು ಕಿಟಕಿ ತೆರೆದುಕೊಂಡು ತಂಗಾಳಿ ಬೀಸಿದ್ದಕ್ಕೆ ಅವನಿಗೇ ನಾಚಿಕೆಯಾಯಿತು. ಎದುರಾಳಿಗಳ ಪ್ರತಿ ಗೋಲೂ ಊರಿಗೆ ಗೋಳು. ಅವನಿಗೆ ಮಾತ್ರ ಮದುವೆಯಿಂದ ಒಂದು ಗಜ ದೂರ. ತಂಡವನ್ನು ಪ್ರೀತಿಸದೆ ಇರಲಾರ, ತಂಡ ಗೆದ್ದರೆ ಬದುಕಲಾರ. ಹೀಗೆ ಅವನ ಒಂದು ಶ್ವಾಸಕೋಶ "ಹೊಡಿ" ಎನ್ನುತ್ತಿದ್ದರೆ ಇನ್ನೊಂದು "ಬೇಡ" ಎನ್ನುತ್ತಿತ್ತು.

ಆ ಭಾನುವಾರ ಮನೆಗೆ ಬಂದವನು ಸಾಸೇಜು ಹಾಕಿದ ಕಡಲೆಯನ್ನು ಎರಡು ಸಲ ಬಡಿಸಿಕೊಂಡ. ಒಬ್ದುಲಿಯಾ ಸೌಟು ಹಿಡಿದು ನೋಡುತ್ತಿದ್ದಳು.

"ನಿಮ್ಮಪ್ಪ ಸೋತ ದಿನ ನೀರೂ ಮುಟ್ತಿರಲಿಲ್ಲ."

"ಹಸಿವಾಗಿದೆ ಅಮ್ಮ."

"ಆಗುತ್ತೆ, ಆಗುತ್ತೆ. ಇನ್ನೂ ಮೂವತ್ತಾರು ಆಟ ಇದೆಯಂತಲ್ಲ, ಮೈ ಬಂದುಬಿಡುತ್ತೆ."

ಸಿಕ್ಕಿಬಿದ್ದದ್ದು ನವೆಂಬರಿನಲ್ಲಿ. ಒಂದಕ್ಕೊಂದು ಸಮ ನಡೆಯುತ್ತಿದ್ದ ಆಟದ ಕೊನೆಯ ನಿಮಿಷದಲ್ಲಿ ಎದುರಾಳಿ ತಂಡ ಗೋಲು ಹೊಡೆಯಿತು. ಮೈದಾನ ಮಸಣವಾಯಿತು. ಹಿಂದಿನಿಂದ ಬೆಲಾರ್ಮಿನೋನ ಹೆಗಲಿಗೆ ಕೊಡೆಯ ತುದಿ ತಾಗಿತು.

"ನೀನು ನಕ್ಕೆ" ಎಂದಳು ಎತೆಲ್ವಿನಾ.

"ಇಲ್ಲಪ್ಪ. ಬಿಸಿಲು ಕಣ್ಣಿಗೆ ಹೊಡೀತು, ಮುಖ ಕಿವುಚಿದೆ."

"ಮಳೆ ಬರ್ತಿದೆ ಬೆಲಾರ್ಮಿನೋ."

ಅವಳು ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ. ಹತ್ತನೇ ಸಾಲಿನಲ್ಲಿ ಅಕ್ಕಪಕ್ಕ ಕೂತವರಿಗೆ ಕಿವಿ ಇತ್ತು. ಮರುದಿನ ನಿಕಾನೋರ್ ಅವನ ಮುಂದೆ ವೈನ್ ಇಟ್ಟು, ಜೊತೆಗೆ ಕೊಡುವ ಆಲಿವ್ ತಟ್ಟೆ ಇಡದೆ ಹೋದ.

"ಆಲಿವ್ ಮರೆತೆ ನಿಕಾನೋರ್."

"ಮರೆತಿಲ್ಲ. ನಾವು ಗೆಲ್ಲಬೇಕು ಅನ್ನೋರಿಗೆ ಮಾತ್ರ."

ಬೀಗ ಕೆಟ್ಟವರು ಪಕ್ಕದೂರಿನವನನ್ನು ಕರೆಸತೊಡಗಿದರು. ಕ್ರಿಸ್‌ಮಸ್ ಹೊತ್ತಿಗೆ ಹದಿನೇಳು ಆಟಕ್ಕೆ ಒಂಬತ್ತು ಅಂಕ, ಇಪ್ಪತ್ತನೇ ಸ್ಥಾನ. ಹೊಸ ವರ್ಷದ ಮೊದಲ ಆಟದಲ್ಲಿ ಮೈದಾನದ ಎದುರು ಗೋಡೆಗೆ ಹನ್ನೆರಡು ಮೀಟರ್ ಉದ್ದದ ಬಟ್ಟೆ ಕಟ್ಟಿದ್ದರು: "ಬೆಲಾರ್ಮಿನೋ, ಸೂಟು ಹೊಲಿಸು." ಅಕ್ಷರಗಳ ಅಂಚಿಗೆ ಹಾಕಿದ್ದ ಲೇಸು ಯಾರ ಅಂಗಡಿಯದೆಂದು ಅವನಿಗೆ ಕೂತಲ್ಲಿಂದಲೇ ತಿಳಿಯಿತು. ತಿರುಗಿ ನೋಡಿದ.

"ಗಿರಾಕಿ ಕೇಳಿದ್ರು, ಕೊಟ್ಟೆ. ವ್ಯಾಪಾರ" ಎಂದಳು ಎತೆಲ್ವಿನಾ.

ಫೆಬ್ರವರಿಯಲ್ಲಿ ಬೆಲಾರ್ಮಿನೋಗೆ ಜ್ವರ ಬಂತು. ಹೊಸ ತರಬೇತುದಾರ ಬಂದು ತಂಡ ಚೇತರಿಸಿಕೊಳ್ಳುತ್ತಿದ್ದ ಹೊತ್ತು ಅದು. ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿ ಒಂಬತ್ತನೇ ಸಾಲಿನ ಸೀಟು ಖಾಲಿ ಬಿತ್ತು. ಆಟ ಮುಗಿದ ಮೇಲೆ ಎತೆಲ್ವಿನಾ ಒದ್ದೆ ಕೋಟಿನಲ್ಲೇ ಮನೆಗೆ ಬಂದಳು. ಒಬ್ದುಲಿಯಾ ಸೂಪು ಕೊಟ್ಟು ಬಾಗಿಲ ಬಳಿ ಕುರ್ಚಿ ಎಳೆದುಕೊಂಡಳು.

"ಎರಡಕ್ಕೊಂದು ಗೆದ್ವಿ" ಎನ್ನುತ್ತ ಎತೆಲ್ವಿನಾ ಕೋಟಿನ ಜೇಬಿನಿಂದ ಹಿಡಿ ಗುಂಡಿ ತೆಗೆದು ಅವನ ಹೊದಿಕೆಯ ಮೇಲೆ ಹರಡಿದಳು. "ಬಿಳೀದು ನಾವು, ಕಂದು ಅವರು. ಈ ದೊಡ್ಡದು ನಮ್ಮ ಎಡಗಡೆ ಬ್ಯಾಕು. ಇವನದೊಂದು ರೋಗ ಇದೆ, ಮುಂದೆ ಓಡ್ತಾನೆ, ವಾಪಸ್ ಬರಲ್ಲ. ಅವನು ಬಿಟ್ಟುಹೋದ ಜಾಗಕ್ಕೆ ಈ ಸಣ್ಣವನು ಬರಬೇಕು. ಹೋದ ವಾರದ ತನಕ ಬರ್ತಿರಲಿಲ್ಲ. ಇವತ್ತು ಬಂದ. ಹಾಗಾಗಿ ಇವನಿಂದ ಇವನಿಗೆ, ಇವನಿಂದ ಇಲ್ಲಿಗೆ..."

ಅವಳ ಬೆರಳು ಅವನ ಮೊಣಕಾಲಿನ ಗುಡ್ಡ ಹತ್ತಿ, ಇಳಿದು, ಗುಂಡಿಯೊಂದನ್ನು ದಿಂಬಿನ ಕೆಳಗೆ ತಳ್ಳಿತು. ಅದು ಗೋಲು. ಬೆಲಾರ್ಮಿನೋ ಗೋಲು ನೋಡಲಿಲ್ಲ. ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಆ ಬೆರಳ ತುದಿ, ಚಳಿಗೆ ಕೆಂಪಾದ ಮೂಗು, ಹೇಳುವ ಭರದಲ್ಲಿ ಆರಿಹೋಗುತ್ತಿದ್ದ ಸೂಪು, ಇವನ್ನು ನೋಡುತ್ತಿದ್ದ. ಹದಿನಾರು ವರ್ಷದಲ್ಲಿ ಅವಳು ಇಷ್ಟೊಂದು ಮಾತಾಡಿದ್ದನ್ನು ಅವನು ಕೇಳಿರಲಿಲ್ಲ. ಕೇಳಿದ್ದರೆ ಇಷ್ಟು ದಿನ ಯಾಕೆ ಕಾಯುತ್ತಿದ್ದೆ ಎಂದು ಅನ್ನಿಸಿ, ಜ್ವರ ಏರಿತೋ ಎಂದು ಹಣೆ ಮುಟ್ಟಿ ನೋಡಿಕೊಂಡ.

"ಮುಂದಿನ ಆಟ ಯಾವಾಗ?" ಎಂದ.

"ಶನಿವಾರ. ಯಾಕೆ?"

"ಗೆಲ್ಲಬೇಕು."

ಎತೆಲ್ವಿನಾ ಗುಂಡಿಗಳನ್ನು ಆಯ್ದು ಜೇಬಿಗೆ ಹಾಕಿಕೊಳ್ಳುತ್ತ, "ಜ್ವರ ಇಳಿದ ಮೇಲೆ ಇನ್ನೊಂದ್ಸಲ ಹೇಳು" ಎಂದಳು.

ಜ್ವರ ಇಳಿದ ಮೇಲೂ ಅವನು ಅದನ್ನೇ ಹೇಳಿದ. ಊರು ನಂಬಲಿಲ್ಲ. ಮಾರ್ಚಿನಲ್ಲಿ ಸೋತ ದಿನ ಅವನು ತಲೆ ಹಿಡಿದು ಕೂತರೆ "ನಾಟಕ" ಎಂದರು. ಏಪ್ರಿಲ್‌ನಲ್ಲಿ ಗೆದ್ದ ದಿನ ಪಕ್ಕದವನನ್ನು ತಬ್ಬಿಕೊಂಡರೆ ಆ ಮನುಷ್ಯ ತನ್ನ ಜೇಬು ಮುಟ್ಟಿ ನೋಡಿಕೊಂಡ. ಹಿಂದೆ ಸೋಲಿಗೆ ಒಂದೇ ನೋವಿತ್ತು, ಈಗ ಎರಡಾಯಿತು. ಕಡಲೆ ತಟ್ಟೆಯಲ್ಲೇ ಉಳಿಯತೊಡಗಿತು. ನಿಕಾನೋರ್ ಮಾತ್ರ ಮೇ ತಿಂಗಳ ಮೊದಲ ವಾರ ಮೂರು ಆಲಿವ್ ಇಟ್ಟ. ಪೂರ್ತಿ ತಟ್ಟೆ ಕೊನೆಯ ಆಟದ ನಂತರ ಎಂದ.

ಕೊನೆಯ ಆಟ ಸ್ವಂತ ಮೈದಾನದಲ್ಲಿ. ಸಮ ಮಾಡಿಕೊಂಡರೂ ಉಳಿಯುತ್ತಾರೆ, ಸೋತರೆ ಕೆಳಗೆ. ಎಂಬತ್ತನಾಲ್ಕನೇ ನಿಮಿಷದವರೆಗೆ ಸೊನ್ನೆ ಸೊನ್ನೆ. ಆಗ ನಮ್ಮ ಎಡಗಡೆ ಬ್ಯಾಕು ತಡವಾಗಿ ವಾಪಸ್ ಬಂದು, ಬಂದ ತಪ್ಪಿಗೆ ಎದುರಾಳಿಯ ಕಾಲಿಗೆ ಕಾಲು ಕೊಟ್ಟ. ಪೆನಾಲ್ಟಿ. ಹದಿನಾಲ್ಕು ಸಾವಿರ ಜನ ಉಸಿರು ಹಿಡಿದರು. ಬೆಲಾರ್ಮಿನೋ ಕಣ್ಣು ಮುಚ್ಚಿ, ಕೈಯನ್ನು ಹಿಂದಕ್ಕೆ ಚಾಚಿದ. ಹತ್ತನೇ ಸಾಲಿನಿಂದ ಒಂದು ಕೈ ಅದನ್ನು ಹಿಡಿದುಕೊಂಡಿತು. ವರ್ಷವಿಡೀ ಒಂದು ಪೆನಾಲ್ಟಿಯನ್ನೂ ತಡೆಯದಿದ್ದ ಗೋಲ್‌ಕೀಪರನ ಮೊಣಕೈಗೆ ಚೆಂಡು ಬಡಿದು ಕಂಬದಾಚೆ ಹೋಯಿತು.

ಹದಿನೇಳನೇ ಸ್ಥಾನ. ಒಂದೇ ಅಂಕದ ಅಂತರ. ಆಟ ಮುಗಿದಾಗ ಮೈದಾನವೆಲ್ಲ ತಿರುಗಿದ್ದು ಆಟಗಾರರ ಕಡೆಗಲ್ಲ, ಒಂಬತ್ತನೇ ಸಾಲಿನ ಕಡೆಗೆ.

"ಜೂನ್ ಇಪ್ಪತ್ತೆರಡು, ಹನ್ನೆರಡು ಗಂಟೆಗೆ" ಎಂದ ಬೆಲಾರ್ಮಿನೋ. "ಏಪ್ರಿಲ್‌ನಲ್ಲೇ ಹೇಳಿಟ್ಟಿದ್ದೀನಿ ಚರ್ಚಲ್ಲಿ."

"ಗೊತ್ತು. ಪಾದ್ರಿಗಳು ಅಂಗಿಗೆ ಗುಂಡಿ ತಗೊಳ್ಳೋಕೆ ಬಂದಿದ್ರು."

ಮದುವೆ ಚೆನ್ನಾಗಿ ನಡೆಯಿತು. ಎತೆಲ್ವಿನಾ ಮೂರನೇ ಮಹಡಿಗೆ ಬಂದಳು. ಕಥೆ ಇಲ್ಲಿಗೆ ನಿಂತಿದ್ದರೆ ಬೆಲಾರ್ಮಿನೋಗೆ ಕ್ಷೇಮವಿತ್ತು. ಆದರೆ ಹೊಸ ಗಂಡಂದಿರಿಗೆ ತ್ಯಾಗದ ಚಪಲ ಇರುತ್ತದೆ. ಐವತ್ತೆರಡಕ್ಕೆ ಗಂಡನಾದವನಿಗೆ ಬಡ್ಡಿ ಸಮೇತ ಇರುತ್ತದೆ. ಈ ಸಾಧ್ವಿ ತನಗಾಗಿ ಮಳೆಯಲ್ಲಿ, ಚಳಿಯಲ್ಲಿ, ಊರಿನ ಮೈದಾನದ ಹತ್ತೊಂಬತ್ತು ಆಟ ಸಹಿಸಿಕೊಂಡಳಲ್ಲ ಎಂದು ಅವನು ಮರುಗಿದ. ಇನ್ನು ಅವಳನ್ನು ಫುಟ್‌ಬಾಲಿನಿಂದ ಬಿಡುಗಡೆ ಮಾಡಬೇಕೆಂದು ನಿರ್ಧರಿಸಿದ. ಟಿಕೆಟ್ ನವೀಕರಿಸಿಕೊಳ್ಳಿ ಎಂದು ಕ್ಲಬ್ಬಿನಿಂದ ತನಗೆ ಬಂದ ಪತ್ರವನ್ನು ಸಹಿ ಮಾಡದೆ ಅಡುಗೆಮನೆಯ ಮೇಜಿನ ಮೇಲೆ ಬಿಟ್ಟ. ಜುಲೈ ಹದಿನೈದಕ್ಕೆ ಗಡುವು ಮುಗಿಯಿತು. ಹದಿನಾರರ ಮಧ್ಯಾಹ್ನ ಊಟದ ಹೊತ್ತಿಗೆ ಅವನು ಲೋಟ ಎತ್ತಿ ಎದ್ದು ನಿಂತ.

"ಎತೆಲ್ವಿನಾ, ನಾನು ಸೀಟು ಬಿಟ್ಟುಬಿಟ್ಟೆ. ಇನ್ಮೇಲೆ ಭಾನುವಾರ ಎಲ್ಲಾ ನಿಂದೇ."

ಎತೆಲ್ವಿನಾ ಚಮಚ ಕೆಳಗಿಟ್ಟಳು. "ನಿಮ್ಮಪ್ಪನ ಸೀಟು?"

"ನಿನಗಿಂತ ದೊಡ್ಡದಾ?"

ಅವಳ ಕಣ್ಣಲ್ಲಿ ನೀರು ಬಂತು. ಅದನ್ನು ಅವನು ಕೃತಜ್ಞತೆ ಎಂದುಕೊಂಡು ತೃಪ್ತಿಯಿಂದ ಕೂತ.

"ನನ್ನ ಟಿಕೆಟ್ ನಾನು ಮೊದಲನೇ ದಿನಾನೇ ಮಾಡಿಸಿದೆನಲ್ಲೋ" ಎಂದಳು ಅವಳು. "ಪರಊರಿನ ಆಟಗಳ ಬಸ್ಸಿಗೂ ಹೆಸರು ಕೊಟ್ಟಿದ್ದೀನಿ. ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

ಒಬ್ದುಲಿಯಾ ತಲೆ ಎತ್ತದೆ ಬ್ರೆಡ್ಡಿನ ತುಂಡಿನಿಂದ ತಟ್ಟೆ ಒರೆಸುತ್ತಿದ್ದಳು.

ಬೆಲಾರ್ಮಿನೋ ಊಟದ ಕರವಸ್ತ್ರ ಕುತ್ತಿಗೆಗೆ ಸಿಕ್ಕಿಸಿಕೊಂಡಂತೆಯೇ ಕ್ಲಬ್ಬಿನ ಕಚೇರಿಗೆ ಓಡಿದ. ಕಿಟಕಿಯೊಳಗಿನ ಗುಮಾಸ್ತೆ ಕಂಪ್ಯೂಟರ್ ನೋಡಿ, "ಆ ಸೀಟು ಹೋಯ್ತು" ಎಂದಳು.

"ಅದು ನಮ್ಮಪ್ಪನದು."

"ಅದಕ್ಕೇ ಕಾಯೋ ಪಟ್ಟಿಯವರಿಗೆ ಕೊಡಲಿಲ್ಲ. ನಿಯಮ ಇದೆ, ಮೊದಲು ಕುಟುಂಬದವರಿಗೆ. ಇವತ್ತು ಬೆಳಿಗ್ಗೆ ಬಂದು ಮಾಡಿಸ್ಕೊಂಡ್ರು."

"ಯಾವ ಕುಟುಂಬದವರು?"

ಗುಮಾಸ್ತೆ ಪರದೆಯನ್ನು ಇವನ ಕಡೆಗೆ ತಿರುಗಿಸಿದಳು. ಒಂಬತ್ತನೇ ಸಾಲಿನಲ್ಲಿ ಒಬ್ದುಲಿಯಾಳ ಫೋಟೋ ಗಂಭೀರವಾಗಿ ಅವನನ್ನೇ ನೋಡುತ್ತಿತ್ತು.

ಮನೆಗೆ ಬಂದಾಗ ತಾಯಿ ಬಟ್ಟೆ ಮಡಿಸುತ್ತಿದ್ದಳು.

"ಅಮ್ಮ, ನಿನಗೆ ಫುಟ್‌ಬಾಲ್ ಬಗ್ಗೆ ಏನು ಗೊತ್ತು?"

"ಮೂವತ್ತು ವರ್ಷ ನಿಮ್ಮಪ್ಪ, ಆಮೇಲೆ ನೀನು, ಊಟಕ್ಕೆ ಕೂತಾಗ ಬೇರೇನಾದ್ರೂ ಮಾತಾಡಿದ್ದುಂಟಾ? ಪತ್ರ ಮೇಜಿನ ಮೇಲೆ ವಾರದಿಂದ ಬಿದ್ದಿತ್ತು. ಮನೇ ಸೀಟು ಯಾರದೋ ಪಾಲಾಗಬಾರದು ಅಂತ ಹೋದೆ."

"ಹಾಗಾದ್ರೆ ನನ್ನ ಹೆಸರಿಗೆ ಮಾಡಿಕೊಡು."

"ಕೇಳ್ದೆ. ಸೀಟಿನವರು ಸತ್ರೆ ಮಾತ್ರ ಹೆಸರು ಬದಲಾಯಿಸ್ತಾರಂತೆ. ಸದ್ಯಕ್ಕೆ ನನಗೆ ಆ ಯೋಚನೆ ಇಲ್ಲ."

ಬೆಲಾರ್ಮಿನೋ ಕಾಯುವ ಪಟ್ಟಿಗೆ ಹೆಸರು ಕೊಟ್ಟ. ಅವನದು ಎರಡು ಸಾವಿರದ ಮುನ್ನೂರ ಹನ್ನೊಂದನೇ ಸಂಖ್ಯೆ.

ಆಗಸ್ಟಿನ ಮೊದಲ ಭಾನುವಾರದ ಆಟಕ್ಕೆ ಅತ್ತೆ ಸೊಸೆ ಒಂದೇ ಬಣ್ಣದ ಶಾಲು ಹೊದ್ದು ತೋಳಿಗೆ ತೋಳು ಸೇರಿಸಿ ಹೊರಟರು. "ಕಡಲೆ ನೆನೆದಿದೆ. ಕುದಿ ಬಂದ ಮೇಲೆ ಉರಿ ಸಣ್ಣ ಮಾಡು, ಬಿಟ್ಟು ಎಲ್ಲೂ ಹೋಗಬೇಡ" ಎಂದಳು ಒಬ್ದುಲಿಯಾ ಮೆಟ್ಟಿಲಿನಿಂದ. ಅವನು ಅಡುಗೆಮನೆಯ ಕಿಟಕಿ ತೆರೆದಿಟ್ಟ. ಮೈದಾನದಿಂದ ಒಮ್ಮೆ ದೊಡ್ಡ ಮೊರೆತ ಕೇಳಿ ಫೋನ್ ಮಾಡಿದ. ಇಬ್ಬರೂ ಎತ್ತಲಿಲ್ಲ.

ಅವರು ಬಂದದ್ದು ಜಗಳವಾಡುತ್ತಲೇ.

"ಅತ್ತೆ, ಅವನು ಆಫ್‌ಸೈಡ್ ಇರಲಿಲ್ಲ."

"ಒಂದು ಮಾರು ಆಚೆ ಇದ್ದ. ನನ್ನ ಸೀಟಿಂದ ನೆಟ್ಟಗೆ ಕಾಣ್ಸುತ್ತೆ."

ಬೆಲಾರ್ಮಿನೋ ಇಬ್ಬರಿಗೂ ಬಡಿಸಿ, ಕೂತು, ಸಂದು ಸಿಕ್ಕಿದಾಗ ಗಂಟಲು ಸರಿಪಡಿಸಿಕೊಂಡ. "ನನಗನ್ಸುತ್ತೆ, ಆ ಎಡಗಡೆ ಬ್ಯಾಕು..."

ಇಬ್ಬರೂ ತಿರುಗಿದರು.

"ನೀನು ಆಟ ನೋಡಿದ್ಯಾ?" ಎಂದಳು ಒಬ್ದುಲಿಯಾ.

"ಇಲ್ಲ."

"ಹಾಗಾದ್ರೆ ಉಪ್ಪು ಈ ಕಡೆ ತಳ್ಳು."